ಗೋಡೆಗೂ ಸೂರಿಗೂ ನಡುವಿನ ಸಂದು

ಇನಾಯತ್ ಉಲ್ಲಾ ಅವರು ಬಾಗಿಲು ಮುಚ್ಚಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ನೆಲದ ಮೇಲೆ ಕುಳಿತರು. ಮಂಚದಲ್ಲಿ ಮಲಗಿದ್ದ ನಿಂಗಣ್ಣ ಕತ್ತು ಹೊರಳಿಸಿ ನೋಡಿದ.

"ಯಾಕ್ರಿ ಸಾಹೇಬ್ರ, ಕುಂಡ್ರಾಕ ಬ್ಯಾರೆ ಜಾಗ ಸಿಗಲಿಲ್ಲೇನ್ರಿ?"

"ಕೆಲಸ ಮಾಡ್ತಿದೀನಿ. ನೀವು ಮಲಗಿ."

"ಕುಂತು ಬೆವರೋದೂ ಕೆಲಸೇನ್ರಿ? ಹಂಗಿದ್ರ ಸರಕಾರ ನನಗ ಪೆನ್ಶನ್ ಕೊಡಬೇಕಿತ್ತು ನೋಡ್ರಿ."

ನೆತ್ತಿಯ ಮೇಲೆ ತಗಡಿನ ಶೀಟು ಕಾದು ಟಪ್ಪೆನ್ನುತ್ತಿತ್ತು. ನಿಂಗಣ್ಣ ಮುಖ ಮೇಲೆತ್ತಿ "ತಂಗೀ, ನೀರವ್ವಾ" ಎಂದು ಕೂಗಿದ. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ನೆರೆಮನೆಯ ನಾಜಿಶ್ ಚೊಂಬು ಹಿಡಿದು ಬಂದಳು.

"ಆಗ್ಲೇ ಖಾಲಿನಾ ಭಾಯಿ? ಬೋರ್‌ವೆಲ್ ಪೈಪ್ ನಿಮ್ ಬಾಯಿಗೇ ಇಟ್ಬಿಡ್ಬೇಕು."

ಇನಾಯತ್ ಉಲ್ಲಾ ಅವರು ತಲೆಯೆತ್ತಿ ನೋಡಿದರು. ಎರಡು ಕೋಣೆಗಳ ನಡುವಿನ ಗೋಡೆ ಸೂರನ್ನು ಮುಟ್ಟಿರಲಿಲ್ಲ. ಗೇಣಗಲದ ಸಂದಿನಿಂದ ಪಕ್ಕದ ಒಲೆಯ ಬಿಸಿಗಾಳಿ ಈಚೆ ಬರುತ್ತಿತ್ತು.

ಕೃಷ್ಣರಾಜಪುರದ ಶೀಟು ಮನೆಯೊಂದರಲ್ಲಿ ಹೀಗೆ ಬೆವರುತ್ತಾ ಕುಳಿತಿದ್ದವರು, ಮೂರು ದಶಕಗಳ ಕಾಲ ಪಾಲಿಟೆಕ್ನಿಕ್ಕಿನಲ್ಲಿ ಕಟ್ಟಡ ವಿಜ್ಞಾನವನ್ನು ಬೋಧಿಸಿ ಈ ವರ್ಷ ನಿವೃತ್ತರಾದ, ಮನೆಗಳ ಶಾಖನಿರೋಧದ ವಿಷಯದಲ್ಲಿ ನಮ್ಮಲ್ಲಿ ಅನೇಕರಿಗೆ ಮೊದಲ ಮತ್ತು ಕೊನೆಯ ಗುರುವಾದ ಹಿರಿಯರು. ಬೆಂಗಳೂರಿಗೆ ಕಂಬಳಿ ಸಾಕು, ಸೂರಿಗೆ ಹೊದಿಕೆ ಯಾಕೆ ಎಂದು ಸಹೋದ್ಯೋಗಿಗಳೇ ನಗುತ್ತಿದ್ದ ಕಾಲದಲ್ಲಿ, ಅವರು ವಿದ್ಯಾರ್ಥಿಗಳನ್ನು ಮಟಮಟ ಮಧ್ಯಾಹ್ನ ತಾರಸಿಯ ಕೆಳಗಿನ ಕೋಣೆಗಳಿಗೆ ಕರೆದೊಯ್ದು ಸುಮ್ಮನೆ ಕೂರಿಸುತ್ತಿದ್ದರು. ಯಾವ ಹೊದಿಕೆ ಒಳ್ಳೆಯದು ಎಂದು ಕೇಳಿದವರಿಗೆ ಅವರ ಉತ್ತರ ಸದಾ ಒಂದು ಪ್ರಶ್ನೆಯೇ ಆಗಿರುತ್ತಿತ್ತು: "ಮಧ್ಯಾಹ್ನ ಮನೇಲಿ ಯಾರಿರ್ತಾರೆ?"

ಕುಕ್ ಟೌನಿನ ಹಳೆಯ ಬಂಗಲೆಯೊಂದರ ಹೆಂಚಿನಡಿ ಫೋಮ್ ಸಿಂಪಡಿಸಲು ಗುತ್ತಿಗೆದಾರ ಸಿದ್ಧನಾಗಿ ನಿಂತಿದ್ದಾಗ, ಹಾಗೆ ಮಾಡಿದರೆ ತೇವ ಒಳಗೇ ಉಳಿದು ತೊಲೆಗಳು ಕೊಳೆಯುತ್ತವೆಂದು ತಡೆದು, ಮುಚ್ಚಿಹೋಗಿದ್ದ ಗವಾಕ್ಷಿಗಳನ್ನು ತೆರೆಸಿ, ಒಡತಿಯಿಂದ ಒಂದು ಲೋಟ ನಿಂಬೆ ಪಾನಕವನ್ನಷ್ಟೇ ಸ್ವೀಕರಿಸಿ ಬಂದವರು ಅವರು. ಲಿಂಗರಾಜಪುರದ ಮಹಡಿ ಕೋಣೆಯಲ್ಲಿ ಶಿವಶರಣನೆಂಬ ವಿದ್ಯಾರ್ಥಿ ಪರೀಕ್ಷೆಯ ಹೊತ್ತಿಗೆ ಸೆಕೆಯಿಂದ ಕಂಗೆಟ್ಟಿದ್ದಾಗ, ತೆಂಗಿನ ನಾರಿನ ಹಲಗೆಗಳನ್ನು ಆಟೋದಲ್ಲಿ ತಂದು, ಏಣಿ ಹತ್ತಿ ತಾವೇ ಜೋಡಿಸಿದ್ದರು. ಆಮೇಲೆ ಅವನ ಹಳೆಯ ಅಂಕಪಟ್ಟಿ ನೋಡಿ, "ಸೆಕೆ ಒಂದರದ್ದೇ ತಪ್ಪಲ್ಲ ಬಿಡು" ಎಂದಿದ್ದರಂತೆ.

ಅವರ ಸೇವೆಯ ಕೊನೆಯ ಬೇಸಿಗೆಯಲ್ಲಿ, ವಿಭಾಗದ ಕಸ ಗುಡಿಸುತ್ತಿದ್ದ ಮಾನಮ್ಮ ಅವರ ಮೇಜಿನ ಮುಂದೆ ಬಂದು ನಿಂತರು. ಯಾದಗಿರಿ ಕಡೆಯವರು. ಕಟ್ಟಡದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಗಂಡ ನಿಂಗಣ್ಣ ಹಗಲೆಲ್ಲ ಮನೆಯಲ್ಲಿ ಒಬ್ಬನೇ. ಸೆಕೆಗೆ ಬೆನ್ನಿನ ಹುಣ್ಣು ಮಾಯುತ್ತಿಲ್ಲ, ಇನ್ನೊಂದು ಬೇಸಿಗೆ ಕಷ್ಟ ಎಂದು ವೈದ್ಯರು ಹೇಳಿದ್ದರು.

ಪ್ರಯೋಗಾಲಯದ ಅಂಜನಮೂರ್ತಿ ಸುಲಭದ ದಾರಿ ಸೂಚಿಸಿದರು. "ಸಾರ್, ಶಿವಾಜಿನಗರದಲ್ಲಿ ಮದುವೆ ಸ್ಟೇಜಿನ ಹಳೇ ಥರ್ಮಾಕೋಲ್ ರಾಶಿ ಬಿದ್ದಿದೆ. ಅಂಟಿಸ್ಬಿಟ್ರೆ ಆಯ್ತು. ಶುಭವಿವಾಹ ಅಂತ ಓದ್ಕೊಂಡು ಮಲಗ್ತಾರೆ."

"ಬೆಂಕಿ ಹತ್ಕೊಂಡ್ರೆ ನೀವು ಓಡ್ತೀರ. ಅವರು?"

ಬೆಂಕಿಗೆ ಬಗ್ಗದ, ರಾಕ್‌ವೂಲ್ ಎಂಬ ಕಲ್ಲುನಾರಿನ ದಪ್ಪ ಹಾಸುಗಳೇ ಆಗಬೇಕೆಂದು ತೀರ್ಮಾನವಾಯಿತು. ಪ್ರಯೋಗಾಲಯದಲ್ಲಿ ಉಳಿದಿದ್ದವನ್ನು ತಂದು, ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿ, ನಿಂಗಣ್ಣನ ಸೂರಿಗೆ ಕಟ್ಟಿದರು. ಗೋಡೆಯ ಮೇಲಿನ ಸಂದನ್ನೂ ಇನಾಯತ್ ಉಲ್ಲಾ ಅವರೇ ನಿಂತು ಒತ್ತಾಗಿ ತುಂಬಿಸಿದರು. ಅಂದು ಮಧ್ಯಾಹ್ನ ಮತ್ತೆ ಬಾಗಿಲು ಮುಚ್ಚಿ ಕುಳಿತರು. ಕೋಣೆ ತಣ್ಣಗಿತ್ತು. ಶೀಟಿನ ಸದ್ದು ಕೇಳಿಸಲಿಲ್ಲ; ಪಕ್ಕದ ಹೊಲಿಗೆ ಯಂತ್ರದ ಸದ್ದೂ ಈಚೆ ಬರಲಿಲ್ಲ. ನಿಂಗಣ್ಣ ನಿದ್ದೆ ಹೋಗಿದ್ದ. ಹಗಲು ಅವನು ನಿದ್ದೆ ಮಾಡಿದ್ದನ್ನು ಎಷ್ಟೋ ತಿಂಗಳಿಂದ ಕಂಡಿರದ ಮಾನಮ್ಮ ಬಾಗಿಲಲ್ಲಿ ಸೆರಗು ಬಾಯಿಗೊತ್ತಿ ನಿಂತಿದ್ದರು.

ಅದೇ ತಿಂಗಳು ಒಂದು ಸಂಜೆ ಮಾನಮ್ಮ ಕೆಲಸದಿಂದ ಬಂದಾಗ ನಿಂಗಣ್ಣ ಮಂಚದಿಂದ ಜಾರಿ, ಮುಖ ಗೋಡೆಗೂ ಮಂಚಕ್ಕೂ ನಡುವೆ ಸಿಕ್ಕಿಕೊಂಡು ಬಿದ್ದಿದ್ದ. ಮೈ ತಣ್ಣಗಾಗಿತ್ತು. ಬೀಳುತ್ತಲೇ ಹೋದ ಜೀವವಲ್ಲ, ಬಹಳ ಹೊತ್ತು ಹೆಣಗಿದೆ ಎಂದರು ವೈದ್ಯರು.

ಸುದ್ದಿ ತಿಳಿದು ಓಡಿಬಂದ ಇನಾಯತ್ ಉಲ್ಲಾ ಅವರಿಗೆ ಓಣಿಯಲ್ಲಿ ಎದುರಾದವಳು ನಾಜಿಶ್. "ಪಕ್ಕದಲ್ಲೇ ಕೂತಿದ್ದೆ ಸರ್, ಹೊಲೀತಾ. ಭಾಯಿ ಕೂಗ್ದೇ ಇರ್ತಾರಾ? ಏನೂ ಕೇಳಿಸ್ಲಿಲ್ಲ. ನೀವು ಅಷ್ಟು ಚೆನ್ನಾಗಿ ಮಾಡಿದ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವರಿಗೆ ನಿಲ್ಲಲು ಒಂದು ಆಸರೆಯಾದರೂ ಸಿಗುತ್ತಿತ್ತು. ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ ಎಂದು ಜೀವಮಾನವಿಡೀ ಕೇಳಿದವರು, ಅವರ ಕೂಗು ಯಾರಿಗೆ ಕೇಳುತ್ತದೆ ಎಂದು ಕೇಳಿರಲಿಲ್ಲ. ಊರಿನಲ್ಲಿ ಮಣ್ಣು ಮುಗಿಸಿ ಬಂದ ಮಾನಮ್ಮ ಕಲ್ಲುನಾರನ್ನೆಲ್ಲ ಕಿತ್ತು ಓಣಿಗೆ ಹಾಕಿದರು.

ಶಿಷ್ಯರು ಅವರಿಗಾಗಿ ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಇಂಥದ್ದು ಬೇಕೆ ಎಂಬ ಮಾತು ಸಂಪಾದಕ ಸಮಿತಿಯಲ್ಲಿ ಬಂದಾಗ, ಬೇರೆಲ್ಲ ಬಿಟ್ಟರೂ ಇದನ್ನು ಬಿಡಬಾರದೆಂದವರು ಸ್ವತಃ ಇನಾಯತ್ ಉಲ್ಲಾ ಅವರೇ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿಕೊಂಡು ಅವರು ಆಡಿದ್ದು ಎರಡೇ ಮಾತು. ಅವೂ ಹಿಂದಿನ ಸಾಲಿಗೆ ಕೇಳಿಸಲಿಲ್ಲ. ಅವರಿಗೆ ಆಯುಸ್ಸು ದೀರ್ಘವಾಗಲಿ, ಮೊಣಕಾಲುಗಳು ಏಣಿಯನ್ನು ಇನ್ನೂ ಬಹುಕಾಲ ಹತ್ತಲಿ, ಅವರು ಮುಚ್ಚಿದ ಬಾಗಿಲುಗಳ ಹಿಂದೆ ಕುಳಿತು ಕಲಿಯುವುದು ಮುಂದುವರಿಯಲಿ ಎಂಬುದೇ ಶಿಷ್ಯರೆಲ್ಲರ ಹಾರೈಕೆ.

ಅವರಂತೂ ನಿಲ್ಲಿಸಿಲ್ಲ. ಮಾನಮ್ಮನ ಮಗಳು ಕಾವೇರಿ ಚೊಚ್ಚಲ ಹೆರಿಗೆಗೆ ಬರುವ ಸುದ್ದಿ ತಿಳಿದು, ಈ ಮಾರ್ಚಿನಲ್ಲಿ ಮತ್ತೆ ಅದೇ ಕೋಣೆಗೆ ಹೋದರು. ಬರಿಯ ಶೀಟು ಆಗಲೇ ಕಾಯತೊಡಗಿತ್ತು.

"ಸೂರಿಗೆ ಮಾತ್ರ ಹಾಕ್ತೀನಿ ಮಾನಮ್ಮ. ಗೋಡೆ ಮೇಲಿನ ಸಂದು ಮುಟ್ಟಲ್ಲ. ನಾನೇ ಒಳಗೆ ಕೂತು ಕೂಗಿ ನೋಡ್ತೀನಿ. ನಾಜಿಶ್‌ಗೆ ಕೇಳಿಸ್ಲಿಲ್ಲ ಅಂದ್ರೆ ಆಗಲೇ ಬಿಚ್ಚಿಸ್ತೀನಿ."

ಮಾನಮ್ಮ ಚಹದ ಲೋಟವನ್ನು ಅವರ ಮುಂದಿಟ್ಟರು. "ಆರತೈತ್ರಿ, ಕುಡೀರಿ."

"ಹಸುಗೂಸು ಈ ಸೆಕೆ ತಡೆಯಲ್ಲ."

"ಗೊತ್ತೈತ್ರಿ."

"ಹಾಗಾದ್ರೆ ನಾಳೆ ಬರ್ಲಾ?"

"ಬ್ಯಾಡ್ರಿ."