ಚೀಲದೊಳಗಿನ ಮರಿಮೀನು

ಫಕ್ಕೀರಪ್ಪ, ನಿನ್ನ ಕೈ ಎಂದೂ ನಡುಗಿರಲಿಲ್ಲ. ನಡುಗುತ್ತದೆ ಎಂದು ನಾನು ಹೇಳಿದ್ದು ಸುಳ್ಳು. ಗೊತ್ತಿದ್ದೇ ಹೇಳಿದ ಸುಳ್ಳು.

ಕುಪ್ಪೇಲೂರಿನ ಟೇಲರ್ ನೀನು, ರಾಣೆಬೆನ್ನೂರಿನಲ್ಲಿ ಕೋಳಿ ಆಹಾರ ಮಾರುವವನು ನಾನು. ಐರಣಿಯ ಹೊಳೆಯಲ್ಲಿ ಗಾಳ ಹಾಕುತ್ತ ದೋಸ್ತರಾದೆವು. ಆಮೇಲೆ ನಿನಗೆ ಕಡಲಿನ ಹುಚ್ಚು ಹಿಡಿಯಿತು. ವರ್ಷಕ್ಕೊಮ್ಮೆ, ದೀಪಾವಳಿಯ ಹೊಲಿಗೆ ಮುಗಿದ ಮೇಲೆ, ಇಬ್ಬರೂ ಕುಮಟೆಯ ಬಸ್ ಹತ್ತುತ್ತಿದ್ದೆವು. ಬಂಡೆಯ ಮೇಲೆ ಕುಳಿತು ಗಾಳ ಬಿಡುವುದು, ಸಿಕ್ಕಿದ್ದನ್ನು ಅಲ್ಲೇ ಸುಟ್ಟು ತಿನ್ನುವುದು — ವರ್ಷವಿಡೀ ಬಗ್ಗಿ ಹೊಲಿಯುವ ನಿನಗೆ ಅದೊಂದೇ ಸುಖ. ಮೊದಮೊದಲು ಮಧ್ಯಾಹ್ನದೊಳಗೆ ಚೀಲ ತುಂಬುತ್ತಿತ್ತು. ಬರಬರುತ್ತ ನಾಲ್ಕು, ಎರಡು... ಕೊನೆಯ ಸಲ ಎರಡು ದಿನ ಕೂತರೂ ಒಂದೂ ಕಚ್ಚಲಿಲ್ಲ.

"ಸಮುದ್ರದಾಗಿನ ಮೀನೆಲ್ಲಾ ಎಲ್ಲಿ ಹೋದವಲೇ?" ಎಂದು ನೀನು ಕೇಳಿದೆ.

"ಮೀನ ಅದಾವು. ನಿನ್ನ ಕೈ ನಡಗಾಕತ್ತಾವು. ವಯಸ್ಸಾತಲೇ ನಿನಗ," ಎಂದೆ.

ಮೀನು ಎಲ್ಲಿ ಹೋಗಿತ್ತು ಎಂಬುದು ನನಗೆ ಗೊತ್ತಿತ್ತು. ನನ್ನ ಗೋದಾಮಿನಲ್ಲಿತ್ತು. ಕೋಳಿ ಆಹಾರಕ್ಕೆ ಪುಡಿ ಮಾಡಲು ಅದೇ ಕರಾವಳಿಯಿಂದ ಲಾರಿಗಟ್ಟಲೆ ಒಣಮೀನು ಬರುತ್ತಿತ್ತು. ಚೀಲ ಬಿಚ್ಚಿದರೆ — ಬೆರಳುದ್ದದ ಬಂಗಡೆ, ಅದಕ್ಕೂ ಚಿಕ್ಕ ಕಾಣೆ ಮೀನು. ಮೊಟ್ಟೆಯಿಡುವ ವಯಸ್ಸೂ ಬಾರದ ಮರಿಗಳು. ಸೊಳ್ಳೆ ಪರದೆಯಂಥ ಬಲೆ ಎಳೆದು ಕಡಲನ್ನೇ ಗುಡಿಸುತ್ತಾರೆ ಆ ದೊಡ್ಡ ದೋಣಿಗಳವರು. ಕೇಳಿದರೆ, ಇದು ಮನುಷ್ಯರು ತಿನ್ನುವ ಮೀನಲ್ಲ ಎನ್ನುತ್ತಾರೆ. ಬೆಳೆಯಲು ಬಿಟ್ಟರಲ್ಲವೇ ತಿನ್ನುವ ಮೀನಾಗುವುದು? ಒಂದು ಗಾಳ, ಒಂದು ಚೂರು ಸಿಗಡಿ ಹಿಡಿದು ಕೂತವನ ಪಾಲನ್ನೂ ಬಾಚಿಕೊಂಡು ಹೋಗಲು ಅವರಿಗೆ ನಾಚಿಕೆಯಿಲ್ಲ. ಆದರೆ ಅವರನ್ನು ಬಯ್ಯಲು ನನಗೆಲ್ಲಿದೆ ಬಾಯಿ? ಇನ್ನೂ ಸಣ್ಣದಿದ್ದರೂ ನಡೆಯುತ್ತದೆ, ಹೇಗೂ ಪುಡಿ ಮಾಡುವುದೇ — ಎಂದು ಫೋನಿನಲ್ಲಿ ಹೇಳಿದವನು ನಾನೇ.

ನೀನು ಗಾಳವನ್ನು ಬಂಡೆಯ ಮೇಲೇ ಬಿಟ್ಟು ಬಂದೆ. ಅಷ್ಟೇ ಆಗಿದ್ದರೆ... ಊರಿಗೆ ಬಂದು ಕತ್ತರಿ ಹಿಡಿಯುವುದನ್ನೂ ಬಿಟ್ಟೆ. ಗಿರಾಕಿಯ ಬಟ್ಟೆ ಕೆಡಿಸಿಬಿಟ್ಟೇನು ಎಂಬ ಭಯ. ಊರಿಗೆಲ್ಲ ಅಂಗಿ ಕತ್ತರಿಸಿಕೊಟ್ಟ ನೀನು ಈಗ ಬರೀ ಗುಂಡಿ ಹಚ್ಚುತ್ತ ಕೂತಿರುತ್ತೀ. ಹೋದ ವಾರ ನಿನ್ನ ಹೆಂಡತಿ ನನ್ನ ಅಂಗಡಿಗೇ ಬಂದಿದ್ದಳು.

"ಅಣ್ಣಾರ, ಹಾವೇರಿ ಡಾಕ್ಟರು ಏನೂ ಆಗಿಲ್ಲ ಅಂದ್ರೂ ಇವರು ನಂಬವಲ್ರು. ನೀವರ ಹೇಳ್ರಿ. ನಿಮ್ಮ ಮಾತು ಕೇಳ್ತಾರ."

ನನ್ನ ಮಾತು ಕೇಳಿಯೇ ನೀನು ಹೀಗಾದೆ ಎನ್ನಲು ನನ್ನಿಂದಾಗಲಿಲ್ಲ. ಆಕೆಗೆ ಚಹಾ ತರಿಸಿಕೊಟ್ಟೆ. ಹೇಡಿ ನಾನು.

ಕ್ಷಮಿಸು ಎಂದು ಕೇಳಲಾರೆ. ಒಣಮೀನು ತರಿಸುವುದನ್ನು ನಿಲ್ಲಿಸಿದ್ದೇನೆ. ಅಷ್ಟರಿಂದ ಕಡಲು ತುಂಬುವುದಿಲ್ಲ, ಗೊತ್ತು. ನಾಳೆ ಬೆಳಿಗ್ಗೆ ಉಳಿದಿರುವ ಕೊನೆಯ ಚೀಲ ಹೊತ್ತು ನಿನ್ನ ಅಂಗಡಿಗೆ ಬರುತ್ತೇನೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸುರಿಯುತ್ತೇನೆ. ಒಂದೊಂದನ್ನೇ ಕೈಯಲ್ಲಿ ಎತ್ತಿ ನೋಡು. ಆಗ ನಿನ್ನ ಕೈ ನಡುಗಿದರೆ, ಅದು ನನ್ನ ಮೇಲಿನ ಸಿಟ್ಟಿಗೆ.