ಹಗುರಾದ ಫೋನು, ನಿಂತ ಮಗ್ಗ

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ, ಇಸ್ಪೀಟಿನದಲ್ಲ. ಫೋನಿನಲ್ಲಿ ತೆರೆದ ಆ್ಯಪ್‌ಗಳನ್ನೆಲ್ಲ ಬೆರಳಿನಿಂದ ಸರಕ್ಕನೆ ಮೇಲಕ್ಕೆ ತಳ್ಳಿ ಮುಚ್ಚುವುದು. ಅಂಗಳ ಗುಡಿಸಿದಷ್ಟು ಹಾಯೆನಿಸುತ್ತದೆ. ನಿವೃತ್ತನಾದ ಮೇಲೆ ಮುಂಡರಗಿಯ ನಮ್ಮ ಮನೆಯಲ್ಲಿ ನಾನು ತಪ್ಪದೆ ಮಾಡುವ ಕೆಲಸ ಇದೊಂದೇ ಎಂದು ಹೆಂಡತಿ ಗಿರಿಜಾ ಹೇಳುತ್ತಾಳೆ. ವಾದಿಸಲು ನನ್ನ ಬಳಿ ಪುರಾವೆಯಿಲ್ಲ.

ಅವಳೂ ಶಾಲೆಯ ಕೆಲಸದಿಂದ ನಿವೃತ್ತಳಾಗುವ ದಿನ ಹತ್ತಿರ ಬಂತು. ಅಂದು ಉಡಲೆಂದು ಬೆಟಗೇರಿಯ ನೇಕಾರ ಈರಣ್ಣನಿಗೆ ಗುಟ್ಟಾಗಿ ಒಂದು ಸೀರೆ ನೇಯಲು ಹೇಳಿಬಂದೆ. “ಫೋನ್ ಮಾಡಬ್ಯಾಡೋ, ಅಕಿಗೆ ಕೇಳಿಸ್ತೈತಿ. ಏನಿದ್ರೂ ಮೆಸೇಜ್ ಹಾಕು” ಎಂದು ತಾಕೀತು ಮಾಡಿದ್ದೆ. ಇಷ್ಟು ವರ್ಷಗಳಲ್ಲಿ ಅವಳಿಗೆ ನಾನಾಗಿಯೇ ತರಲಿದ್ದ ಮೊದಲ ಸೀರೆಯದು; ಮದುಮಗನಷ್ಟು ಹಿಗ್ಗಿದ್ದೆ.

ಅದೇ ವಾರ ಫೋನು ತೆವಳತೊಡಗಿತು. ಸೆಟ್ಟಿಂಗ್ಸ್ ಒಳಹೊಕ್ಕು, ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳನ್ನು ಬಲವಂತವಾಗಿ ನಿಲ್ಲಿಸುವ ಗುಂಡಿ ಕಂಡುಹಿಡಿದೆ. ದಿನಾ ಬೆಳಿಗ್ಗೆ ಸ್ನಾನ, ಪೂಜೆ, ಆಮೇಲೆ ಈ ಸಂಹಾರ. ಮೆಸೇಜಿನ ಆ್ಯಪ್ ಕೂಡ ಉಳಿಯಲಿಲ್ಲ. ಅದನ್ನು ತೆರೆದು ನೋಡುವ ಗೋಜಿಗೂ ಹೋಗಲಿಲ್ಲ. ಬಂದರೆ ಫೋನೇ ಟಿಣ್ ಎನ್ನುತ್ತದಲ್ಲ! ಅದು ಎಷ್ಟು ಶಾಂತವಾಯಿತೆಂದರೆ, ನಾನೇ ಋಷಿಯಾದೆನೆಂದುಕೊಂಡೆ.

ಶಾಲೆಯ ಬೀಳ್ಕೊಡುಗೆ ಸಮಾರಂಭಕ್ಕೆ ಒಂದೇ ದಿನವಿದ್ದಾಗ ಬೆಟಗೇರಿಗೆ ಹೋದರೆ ಮಗ್ಗ ನಿಂತಿತ್ತು. ಸೀರೆಗೆ ಸೆರಗೇ ಇರಲಿಲ್ಲ.

“ಸೆರಗಿಗೆ ಬಿಳಿ ಪಟ್ಟಿ ಹಾಕ್ಲೋ, ಹಳದಿ ಹಾಕ್ಲೋ ಅಂತ ನಾಕ ದಿನದಿಂದ ಮೆಸೇಜ್ ಹಾಕಾಕತ್ತೀನ್ರಿ ಸಾಹೇಬ್ರ. ನೀವು ಉತ್ತರಾನ ಕೊಡವಲ್ರಿ” ಎಂದ ಈರಣ್ಣ.

ನನ್ನ ಸಾಧನೆಯನ್ನು ವಿವರಿಸಿದೆ. ಅವನು ಮಗ್ಗದ ಕಡೆ ಕೈ ತೋರಿಸಿದ. “ನಾ ಊಟಕ್ಕ ಏಳೂಮುಂದ ಈ ಹಾಸಿನ ಎಳೀನೆಲ್ಲ ಕತ್ತರಿಸಿ ಏಳ್ತೀನೇನ್ರಿ? ಲಾಳಿ ಇದ್ದಲ್ಲೇ ಇಟ್ಟು ಏಳ್ತೀನಿ. ಬಂದು ಕುಂತ್ರ ಅಲ್ಲಿಂದನ ಚಾಲೂ. ದಿನಾ ಹೊಸದಾಗಿ ಎಳಿ ಕಟ್ಟಿದ್ರ ಸೀರಿ ಯಾವಾಗ ಆಗಬೇಕ್ರಿ?”

ಬಲವಂತವಾಗಿ ನಿಲ್ಲಿಸಿದ ಆ್ಯಪ್ ಟಿಣ್ ಎನ್ನುವುದಿಲ್ಲ ಎಂಬುದಷ್ಟೇ ಅಲ್ಲ, ಫೋನು ತೆವಳಿದ್ದೂ ನನ್ನ ಮಡಿಯಿಂದಲೇ ಎಂದು ಆಗ ಹೊಳೆಯಿತು. ನಾನು ಮುಚ್ಚಿದ್ದನ್ನೆಲ್ಲ ಪಾಪ ಅದು ಪ್ರತಿಸಲ ಮೊದಲಿನಿಂದ ಕಟ್ಟಬೇಕಿತ್ತು.

ಗಿರಿಜಾ ಹಳೆಯ ಸೀರೆಯಲ್ಲೇ ಹಾರ ಹಾಕಿಸಿಕೊಂಡಳು. ಚಪ್ಪಾಳೆ ತಟ್ಟುವಾಗ ನನಗೆ ನಿಜಕ್ಕೂ ಸಂಕಟವಾಯಿತು. ಮೂರು ದಿನದ ಮೇಲೆ ಹೊಸ ಸೀರೆ ಬಂತು, ನಡೆದದ್ದನ್ನೆಲ್ಲ ಒಪ್ಪಿಸಿದೆ. ಅವಳು ಸೆರಗನ್ನು ಸವರಿ ಸವರಿ ನೋಡಿ, ಒಳಹೋಗಿ ಉಟ್ಟು ಬಂದು, ಪಡಸಾಲೆಯಲ್ಲಿ ಕುರ್ಚಿ ಎಳೆದು ಕುಳಿತಳು.

“ಛಲೋ ಐತ್ರಿ. ಇವತ್ತಿನಿಂದ ನಾನೂ ಬಂದ್. ಚಹಾ ನೀವ ಮಾಡ್ರಿ.”

ಅಡುಗೆಮನೆಗೆ ಹೋದೆ. ಸಕ್ಕರೆ ಡಬ್ಬಿ ಎಲ್ಲಿ, ಚಹಾಪುಡಿ ಎಲ್ಲಿ, ಲೈಟರ್ ಎಲ್ಲಿ? ಇಷ್ಟು ವರ್ಷ ನನ್ನ ಬೆನ್ನ ಹಿಂದೆ ಏನೇನು ಓಡುತ್ತಿತ್ತೋ, ನಾನು ತಿರುಗಿಯೇ ನೋಡಿರಲಿಲ್ಲ.

“ಆತೇನ್ರಿ?” ಹೊರಗಿನಿಂದ ಕೂಗಿದಳು.

“ಈಗಷ್ಟ ಚಾಲೂ ಆಗಾಕತ್ತೀನಿ” ಎಂದೆ. “ಸ್ವಲ್ಪ ತಡಿ.”