ಗಾಡಿಯ ನಾಡಿ

ನಮ್ಮ ಗಾಡಿ ಇತ್ತೀಚೆಗೆ ಹೇಳಿದ ಮಾತಿಗೆ ಕೂಡಲೇ ಹೂಂ ಎನ್ನುತ್ತಿರಲಿಲ್ಲ. ದಾರಿಯಲ್ಲಿ ನಿಂತು ಮತ್ತೆ ಗೇರಿನ ಹಿಡಿಯನ್ನು ಮುಂದೆ ಹೋಗುವ ‘ಡಿ’ಗೆ ತಂದರೆ ಒಂದು ಕ್ಷಣ ಯೋಚಿಸುತ್ತಿತ್ತು, ಆಮೇಲೆ ಯಾರೋ ಹಿಂದಿನಿಂದ ನೂಕಿದಂತೆ ಮುಗ್ಗರಿಸಿ ಹೊರಡುತ್ತಿತ್ತು. ಹಾಲು ಕಾಯುವುದನ್ನೂ ನಮ್ಮೂರಿನ ಸ್ವಾರಗೇಟ್ ಚೌಕದ ಸಿಗ್ನಲ್ ಹಸಿರಾಗುವುದನ್ನೂ ನಿಂತು ನೋಡಿ ರೂಢಿಯಾದವಳು ನಾನು. ಅದಕ್ಕೂ ವಯಸ್ಸಾಯಿತು, ಏಳುವ ಮೊದಲು ಸೊಂಟ ಹಿಡಿದುಕೊಳ್ಳುತ್ತದೆ ಎಂದುಕೊಂಡು ಸುಮ್ಮನಿದ್ದೆ.

ಹೆಚ್ಚು ದಿನ ಸುಮ್ಮನಿರುವಂತಿರಲಿಲ್ಲ. ನನ್ನ ಎಡ ಮೊಣಕಾಲು ಕ್ಲಚ್ ತುಳಿಯಬಾರದೆಂದು ಡಾಕ್ಟರು ಹೇಳಿದ ಮೇಲೆ ತಂದದ್ದು ಈ ಹಳೆಯ ಆಟೋಮ್ಯಾಟಿಕ್. ಯಜಮಾನರಿಗೆ ಗಾಡಿ ಓಡಿಸಲು ಬಾರದು; ಒಮ್ಮೆ ಕಲಿಯಲು ಹೋಗಿ, ರಸ್ತೆಯಲ್ಲಿ ಜನ ಭಾಳ ಇದ್ದಾರೆಂದು ವಾಪಸು ಬಂದವರು. ಶಿರೂರಿನಲ್ಲಿರುವ ತಂಗಿಯ ಮನೆಗೆ ಯಾರನ್ನೂ ಕೇಳದೆ ಹೋಗುವುದು, ದಾರಿಯಲ್ಲಿ ಮನಸ್ಸಾದಲ್ಲಿ ನಿಲ್ಲಿಸಿ ಪೇರಲಹಣ್ಣು ಕೊಳ್ಳುವುದು, ಇದೆಲ್ಲ ಈ ಗಾಡಿ ಕೊಟ್ಟ ಸ್ವಾತಂತ್ರ್ಯ. ಇದು ಕೈಕೊಟ್ಟರೆ ಇನ್ನೊಂದು ತರುವುದಿಲ್ಲ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಲ್ಲಿಗೆ ನಾನೂ ಗೇಟಿನ ಬಳಿ ರಿಕ್ಷಾಕ್ಕೆ ಕಾಯುವವಳು.

ಕೈಯಿಂದ ಗೇರು ಹಾಕುವ ಗಾಡಿಯಲ್ಲಿ ತಪ್ಪಿನ ಅರ್ಧ ಭಾಗವಾದರೂ ನಮ್ಮದೆಂದು ಗೊತ್ತಾಗುತ್ತದೆ. ಆಟೋಮ್ಯಾಟಿಕ್‌ನಲ್ಲಿ ಎಲ್ಲವೂ ಒಳಗೊಳಗೇ, ಎಣ್ಣೆಯ ಒತ್ತಡದಲ್ಲಿ ನಡೆಯುತ್ತದೆ. ದೊಡ್ಡ ಕುಟುಂಬದಲ್ಲಿ ಅಡಿಗೆಮನೆಯ ನಿರ್ಧಾರಗಳು ಪಡಸಾಲೆಗೆ ಬರುವಷ್ಟರಲ್ಲಿ ಬರೀ ಪರಿಣಾಮವಾಗಿರುತ್ತವಲ್ಲ, ಹಾಗೆ.

ಕೆಳಗಿನ ಮನೆಯ ರಶ್ಮಿ, ಮೈಸೂರಿನ ಹುಡುಗಿ, ಮೊಬೈಲಿನಲ್ಲಿ ಹುಡುಕಿ ಹೇಳಿದಳು: “ಆಂಟಿ, ಈ ಸಿಂಪ್ಟಮ್ಸ್ ಎಲ್ಲಾ ಇದ್ರೆ ಗೇರ್‌ಬಾಕ್ಸ್ ಮುಗೀತಂತೆ. ಮಾರಿಬಿಡಿ.” ಹಿಂದೊಮ್ಮೆ ನನ್ನ ತಲೆನೋವಿಗೂ ಅದೇ ಮೊಬೈಲು ಸುಮಾರಾಗಿ ಇದೇ ಭವಿಷ್ಯ ನುಡಿದಿತ್ತು, ಮಾರುವ ಸಲಹೆಯೊಂದನ್ನು ಬಿಟ್ಟು.

ಮೆಕ್ಯಾನಿಕ್ ಸದಾಶಿವ ನಿಪ್ಪಾಣಿಯ ಕಡೆಯವನು. ಒಂದು ಸುತ್ತು ಹಾಕಿ ಬಂದು ತಲೆ ಕೆರೆದುಕೊಂಡ. “ಅಕ್ಕಾರ, ಬಿಚ್ಚೇ ನೋಡಬೇಕ್ರಿ. ಆದ್ರ ಇಷ್ಟ ಹಳೇ ಬಾಕ್ಸ್ ಒಮ್ಮೆ ಬಿಚ್ಚಿದ್ರ ಮತ್ತ ಸರಿಯಾಗಿ ಕೂಡತದಂತ ನಾ ಮಾತು ಕೊಡಂಗಿಲ್ಲ.”

ಒಂದು ವಾರ ಯೋಚಿಸುತ್ತೇನೆ ಎಂದೆ. ಆ ವಾರ ನನಗೆ ನೆನಪಾದವರು ಧಾರವಾಡದಲ್ಲಿ ನಮ್ಮ ಓಣಿಯಲ್ಲಿದ್ದ ವೈದ್ಯರು. ಹೊಟ್ಟೆನೋವೆಂದು ಹೋದರೆ ನಾಡಿ ಹಿಡಿಯುವ ಮೊದಲೇ ಅವರ ಎರಡು ಪ್ರಶ್ನೆ ಇರುತ್ತಿದ್ದವು: ಉಣ್ಣುವ ಮೊದಲು ನೋಯುತ್ತದೋ, ಉಂಡ ಮೇಲೋ? ಏನು ತಿಂದಿದ್ದೆ? ಮೊದಲನೆಯದಕ್ಕೆ ಗಾಡಿಯ ಪರವಾಗಿ ನಾನೇ ಉತ್ತರ ಹೇಳಬಲ್ಲೆ. ಬೆಳಿಗ್ಗೆ ಹೊರಟಾಗ ಅದು ಸಜ್ಜನ. ಅರ್ಧ ಊರು ದಾಟಿ ಬಿಸಿಯಾದ ಮೇಲೆಯೇ ತಡವರಿಕೆ. ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಇನ್ನು, ಏನು ತಿಂದಿತ್ತು?

ಅದನ್ನು ತಿಳಿಯಲು ಯಜಮಾನರ ರವಿವಾರಗಳನ್ನು ನೋಡಬೇಕು. ಓಡಿಸಲು ಬಾರದಿದ್ದರೂ ಗಾಡಿಯ ಆರೈಕೆ ಅವರದೇ. ಬೆಳಿಗ್ಗೆ ಸ್ನಾನ ಮಾಡಿ, ತಣ್ಣನೆಯ ಎಂಜಿನ್ ಚಾಲೂ ಮಾಡಿಸಿ, ಗೇರಿನ ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆಯುತ್ತಾರೆ. ಕಡ್ಡಿಗೆ ಎರಡು ಗುರುತು: ಕೆಳಗಿನದು ತಣ್ಣಗಿದ್ದಾಗಿನ ಮಟ್ಟ, ಮೇಲಿನದು ಬಿಸಿಯಾಗಿ ಹಿಗ್ಗಿದಾಗಿನದು. ಈಗ ನಮ್ಮವರ ಸ್ವಭಾವ ಹೇಳಬೇಕು. ಅತಿಥಿ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ತುಪ್ಪ ಬಡಿಸುವ ಮನೆತನ ಅವರದು. ಸಾಕು ಎಂಬುದನ್ನು ಅವರು ಸಂಕೋಚವೆಂದೇ ತಿಳಿಯುತ್ತಾರೆ. ತಣ್ಣನೆಯ ಎಣ್ಣೆ ಮೇಲಿನ ಗುರುತಿಗೆ ಬರುವವರೆಗೆ ಹಾಕಿ, ಆಮೇಲೆ ಪ್ರತಿ ರವಿವಾರ “ಇನ್ನ ಒಂದೀಟ ಇರ್ಲಿ, ಪಾಪ” ಎಂದು ಸುರಿಯುತ್ತ ಬಂದಿದ್ದರು.

ಇದು ಹೊಳೆದ ಮರುದಿನ ಗಾಡಿಯನ್ನು ಚೆನ್ನಾಗಿ ಓಡಿಸಿ, ಬಿಸಿಯಿದ್ದಂತೆಯೇ ಗ್ಯಾರೇಜಿಗೆ ಒಯ್ದೆ. ಎಂಜಿನ್ ಚಾಲೂ ಇಟ್ಟು ಕಡ್ಡಿ ಎಳೆಯಲು ಹೇಳಿದೆ. ಎಣ್ಣೆ ಎರಡೂ ಗುರುತು ದಾಟಿ ಎಲ್ಲೋ ಮೇಲಿತ್ತು, ಮೈತುಂಬ ನೊರೆ. ಗಡಿಗೆಯಲ್ಲಿ ಮೊಸರು ಹೆಚ್ಚಾದಾಗ ಕಡೆದರೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಳಗೆ ತಿರುಗುವ ಚಕ್ರಗಳು ಕಡೆದು ಗಾಳಿ ಸೇರಿದ ನೊರೆಗೆ ಗೇರು ನೂಕುವ ಕಸುವು ಎಲ್ಲಿಂದ ಬರಬೇಕು?

“ಸದಾಶಿವ, ನೀನು ಮೊದಲ ಇದನ್ನ ಯಾಕ ನೋಡ್ಲಿಲ್ಲೋ?”

“ಆಯಿಲ್ ನಾ ನೋಡ್ಕೋತೇನಿ, ಅದರ ಚಿಂತಿ ನಿನಗ ಬ್ಯಾಡ ಅಂದಿದ್ರಲ್ರಿ ಸಾಹೇಬ್ರು! ಅವರ ಮಾತಿನ ಮ್ಯಾಲ ಕಡ್ಡಿ ಎಳದ್ರ ಛಲೋ ಕಾಣತದೇನ್ರಿ?”

ಮರ್ಯಾದೆಗಾಗಿ ಒಬ್ಬ ನೋಡಲಿಲ್ಲ, ಪ್ರೀತಿಗಾಗಿ ಇನ್ನೊಬ್ಬರು ನಿಲ್ಲಿಸಲಿಲ್ಲ. ನಡುವೆ ಗೇರ್‌ಬಾಕ್ಸ್ ಅಜೀರ್ಣದಿಂದ ನರಳುತ್ತಿತ್ತು. ಹೆಚ್ಚಿದ್ದಷ್ಟನ್ನು ಸದಾಶಿವ ತೆಗೆದ. ನೊರೆ ಇಳಿದ ಮೇಲೆ ಎಣ್ಣೆ ಕೆಂಪಗಿತ್ತು, ಸುಟ್ಟ ವಾಸನೆ ಇರಲಿಲ್ಲ; ಅಂದರೆ ಒಳಗೆ ಇನ್ನೂ ಏನೂ ಕೆಟ್ಟಿಲ್ಲ ಎಂದ.

ಆ ಶನಿವಾರ ಶಿರೂರಿಗೆ ಹೊರಟೆವು. ಗಾಡಿ ಒಂದು ಗೇರಿನಿಂದ ಇನ್ನೊಂದಕ್ಕೆ ಯಾರಿಗೂ ತಿಳಿಯದಂತೆ ಜಾರುತ್ತಿತ್ತು. ಬಿಸಿಲೇರಿದರೂ ತಡವರಿಸಲಿಲ್ಲ. ಪಕ್ಕದಲ್ಲಿ ಯಜಮಾನರು ಕೂತಿದ್ದರು. ವಿಷಯವನ್ನು ಎಷ್ಟು ಮೆತ್ತಗೆ ಹೇಳಿದರೂ ಅವರಿಗೆ ತಾಗಿತ್ತು. ಅರ್ಧ ದಾರಿಯಲ್ಲಿ ಕೇಳಿದರು:

“ಹಂಗಾರ ರವಿವಾರ ನಾ ಏನ ಮಾಡ್ಲಿ, ಸುಮಿತ್ರಾ?”

ಗೇರ್‌ಬಾಕ್ಸಿನಷ್ಟು ಸುಲಭದ ಪ್ರಶ್ನೆಯಾಗಿರಲಿಲ್ಲ. ಒಬ್ಬ ಮನುಷ್ಯನ ಕೈಯಿಂದ ಕೆಲಸ ಕಿತ್ತುಕೊಳ್ಳಬಹುದು, ಅಕ್ಕರೆಯನ್ನು ಎಲ್ಲಿ ಇಡು ಎನ್ನುವುದು?

“ಗಾಡಿ ಗ್ಲಾಸು ಒರಸ್ರಿ,” ಎಂದೆ. “ಅದು ಎಷ್ಟ ಒರಸಿದ್ರೂ ಹೆಚ್ಚಾಗಂಗಿಲ್ಲ.”

ಅವರು ರವಿವಾರಕ್ಕೂ ಕಾಯಲಿಲ್ಲ. ಕರವಸ್ತ್ರ ತೆಗೆದು ತಮ್ಮ ಪಕ್ಕದ ಗಾಜನ್ನು ಅಲ್ಲೇ ಉಜ್ಜತೊಡಗಿದರು. ಧೂಳು ಹೊರಗಡೆ ಇತ್ತು. ನಾನು ರಸ್ತೆ ನೋಡಿಕೊಂಡು ಗಾಡಿ ಓಡಿಸಿದೆ.